ಟವೆಲ್ಲಿನ ಕೆಳಗಿನ ಪ್ರಜಾಪ್ರಭುತ್ವ

ನನಗೆ ಎಲ್ಲಿ ಕೂತರೂ ತೊಡೆಯ ಮೇಲೊಂದು ಟವೆಲ್ ಹರಡಿಕೊಳ್ಳುವ ಚಟ. ಮಿರಜದ ಶಾಲೆಯಿಂದ ವಿಶ್ರಾಮಬಾಗದ ಮನೆಗೆ ಬರುವ ಸಿಟಿ ಬಸ್ಸಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ, ಎಲ್ಲೇ ಆಗಲಿ, ಕೂತ ಕೂಡಲೇ ಚೀಲದಿಂದ ಟವೆಲ್ ಹೊರಬರುತ್ತದೆ, ಎರಡೂ ಕೈ ಅದರಡಿ ಸೇರುತ್ತವೆ. ಸೇರಿದ ಕೈಗಳಾದರೂ ಸುಮ್ಮನಿರುತ್ತವೆಯೇ? ಎಡಗೈ ಬಲಗೈಯ ಬೆರಳು ಹಿಡಿದು ಒತ್ತುತ್ತದೆ. ಒಂದು, ಎರಡು, ಮತ್ತೆ ಒಂದು. ಮೇಲೆ ಮುಖ ಮಾತ್ರ ಏನೂ ಗೊತ್ತಿಲ್ಲದವರ ಹಾಗೆ ಕಿಟಕಿಯಾಚೆ ನೋಡುತ್ತಿರುತ್ತದೆ. ಒಮ್ಮೆ ಪಕ್ಕದ ಸೀಟಿನ ಮಾವಶಿಯೊಬ್ಬಳು ಟವೆಲ್ಲಿನ ಅಲುಗಾಟ ಕಂಡು, ಒಳಗೆ ಬೆಕ್ಕಿನ ಮರಿ ಇದೆಯೆಂದು ತಿಳಿದು, ಅದಕ್ಕೂ ಅರ್ಧ ಟಿಕೆಟ್ ಹರಿಯಿರೆಂದು ಕಂಡಕ್ಟರನಿಗೆ ಹೇಳಿಬಿಟ್ಟಳು. ಅವನು ಬಂದು ಟವೆಲ್ ಎತ್ತಿ ನೋಡಿದ. ನನ್ನವೇ ಹತ್ತು ಬೆರಳು. ಪಾಪ, ಇಬ್ಬರಿಗೂ ಬಹಳ ನಿರಾಶೆಯಾಯಿತು.

ನಮ್ಮ ಯಜಮಾನರು ಇದಕ್ಕೆ ಟವೆಲ್ ರೋಗ ಎಂದು ಹೆಸರಿಟ್ಟಿದ್ದಾರೆ. ರೋಗವಲ್ಲ ಮಹಾರಾಯರೇ, ಇದು ತವರಿನಿಂದ ಬಂದ ಆಸ್ತಿ ಎಂದರೆ ನಗುತ್ತಾರೆ. ನೀವು ನಗುವ ಮೊದಲು ಕೇಳಿಬಿಡಿ.

ನಮ್ಮಪ್ಪ ಸಾಂಗಲಿಯ ಅರಿಸಿನ ಪೇಟೆಯಲ್ಲಿ ದಲಾಲರು. ಆಗ ಅಲ್ಲಿ ಅರಿಸಿನದ ದರವನ್ನು ಬಾಯಿಂದ ಕೂಗುತ್ತಿರಲಿಲ್ಲ. ರಾಶಿಯ ಮುಂದೆ ಮಾಲಿನ ಒಡೆಯನ ಕಡೆಯಿಂದ ದಲಾಲ ನಿಲ್ಲುತ್ತಿದ್ದ, ಕೈಮೇಲೆ ಒಂದು ಟವೆಲ್ ಹೊದ್ದುಕೊಂಡು. ಕೊಳ್ಳುವ ವ್ಯಾಪಾರಿಗಳು ಒಬ್ಬೊಬ್ಬರಾಗಿ ಬಂದು ಟವೆಲ್ಲಿನೊಳಗೆ ಕೈ ತೂರಿಸಿ ಅವನ ಬೆರಳು ಒತ್ತಿ ತಮ್ಮ ದರ ಹೇಳಿ ಹೋಗುವರು. ಮೇಲೆ ಮಾತು ಮಾತ್ರ ಬೇರೆ. "ಏನ್ರಿ, ಮಗಳ ಲಗ್ನ ಆತ?" "ಮೊಣಕಾಲ ನೋವು ಹೆಂಗೈತಿ?" ಕೆಳಗೆ ಬೆರಳುಗಳದ್ದೇ ಕಾರುಬಾರು. ಒಬ್ಬ ಒತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲ. ಎಲ್ಲರದ್ದೂ ಗೊತ್ತಿರುವವನು ದಲಾಲ ಒಬ್ಬನೇ, ಅವನು ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟ ದಲಾಲನ ಟವೆಲ್ಲಿಗೆ ಮರುದಿನ ಯಾರೂ ಕೈ ಹಾಕುತ್ತಿರಲಿಲ್ಲ. ಪೇಟೆಯಿಂದ ಅಪ್ಪ ಮನೆಗೆ ಬಂದರೆ ಅವರಿಗಿಂತ ಮೊದಲು ಅರಿಸಿನದ ವಾಸನೆ ಬರುತ್ತಿತ್ತು. ನಮ್ಮ ಮನೆಯ ಬಿಳಿ ಗೋಡೆ, ಬಿಳಿ ಹಾಸಿಗೆ, ಕೊನೆಗೆ ನಮ್ಮ ಬಿಳಿ ಬೆಕ್ಕು ಕೂಡ ಹಳದಿಗೆ ತಿರುಗಿದ್ದವು.

ಈಗ ನಮ್ಮ ಅಜ್ಜಿಯ ಕತೆ. ಅಜ್ಜಿ ಮನೆಯ ಸರ್ವಾಧಿಕಾರಿ. ಸಂಜೆಯಾಯಿತೆಂದರೆ ಉಪ್ಪಿಟ್ಟು. ಬೇಸಿಗೆಯಲ್ಲಿ ಉಪ್ಪಿಟ್ಟು, ಮಳೆಗಾಲದಲ್ಲಿ ಉಪ್ಪಿಟ್ಟು, ಯಾರಿಗಾದರೂ ಜ್ವರ ಬಂದರೆ ತೆಳ್ಳಗಿನ ಉಪ್ಪಿಟ್ಟು. ಎದುರು ಮಾತಾಡುವ ಧೈರ್ಯ ಯಾರಿಗೂ ಇರಲಿಲ್ಲ. ಅವ್ವನಂತೂ ಅಜ್ಜಿಯೆದುರು ಸೀನುವಾಗಲೂ ಅಪ್ಪಣೆ ಕೇಳುವಂಥವಳು. ಒಂದು ಸಂಜೆ ಅಪ್ಪ ತಟ್ಟೆ ನೋಡಿದರು, ನಮ್ಮ ಮುಖಗಳನ್ನು ನೋಡಿದರು, ಹೆಗಲ ಟವೆಲ್ ತೆಗೆದು ಕೈಮೇಲೆ ಹಾಕಿಕೊಂಡು ಹೇಳಿದರು: "ಎಲ್ಲಾರೂ ಒಬ್ಬೊಬ್ಬರ ಬರ್ರಿ. ಉಪ್ಪಿಟ್ಟ ಬೇಕಂದವರು ಒಂದು ಬೆರಳ ಒತ್ತರಿ. ಬ್ಯಾಡಂದವರು ಎರಡು." ಆಮೇಲೆ ಅಜ್ಜಿಯ ಕಡೆ ತಿರುಗಿ, "ಅವ್ವಾ, ನೀನೂ ಬಾ," ಎಂದರು.

ಸಾಲಾಗಿ ಹೋದೆವು. ಅಜ್ಜಿಯೂ ಗೊಣಗುತ್ತ ಕೈ ಹಾಕಿದಳು. ಅಪ್ಪ ಕೊನೆಗೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೇಳಿದ್ದು ಇಷ್ಟೇ: "ಉಪ್ಪಿಟ್ಟ ಸೋತತಿ." ಎಷ್ಟರಿಂದ ಸೋತಿತು, ಯಾರು ಸೋಲಿಸಿದರು, ಒಂದೂ ಇಲ್ಲ. ಅಜ್ಜಿಗೆ ತಡೆಯಲಾಗಲಿಲ್ಲ. ಮರುದಿನದಿಂದ ಮಗನಿಗೆ ಹೋಳಿಗೆ, ತುಪ್ಪ, ಬೆನ್ನಿಗೆ ಎಣ್ಣೆ. "ಹೇಳೋ ನನ್ನಪ್ಪಾ, ಯಾರ‍್ಯಾರು ಎರಡು ಒತ್ತ್ಯಾರ?" ಅಪ್ಪ ಹೋಳಿಗೆ ತಿಂದರು, ಎಣ್ಣೆ ಹಚ್ಚಿಸಿಕೊಂಡರು, ಹೇಳಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅಜ್ಜಿಯೇ ನನ್ನ ಕಿವಿಯಲ್ಲಿ ಹೇಳಿದಳು, ನಗು ತಡೆಯಲಾರದೆ. "ನಾನೂ ಎರಡ ಒತ್ತಿದ್ದೆ ನೋಡ. ದಿನಾ ಅದನ್ನ ತಿರುವಿ ತಿರುವಿ ನನ್ನ ರಟ್ಟಿ ಬಿದ್ದಿದ್ದವು." ಮತ್ತೆ ಅಷ್ಟೆಲ್ಲ ಹೋಳಿಗೆ ಯಾಕೆ ಮಾಡಿದೆ ಎಂದೆ. "ಒಬ್ಬರರೆ ಒಂದು ಒತ್ತ್ಯಾರೇನು ಅಂತ ನೋಡಬೇಕಿತ್ತು. ನನ್ನ ಉಪ್ಪಿಟ್ಟಿಗೆ ಒಬ್ಬರೂ ದಿಕ್ಕಿಲ್ಲೇನು ಅಂತ." ಆ ಮಾತು ಕೇಳಿ ನನಗೆ ನಗುವೂ ಬಂತು, ಕಣ್ಣೂ ತುಂಬಿತು.

ಅಂಥ ಮನೆಯಲ್ಲಿ ಬೆಳೆದವಳು ನಾನು ನಾಗರಿಕ ಶಾಸ್ತ್ರ ಕಲಿಸುವ ಬಾಯಾರಾಗದೆ ಇನ್ನೇನಾಗಬೇಕು! ಮಿರಜದ ಒಂದು ಪುಟ್ಟ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ನನ್ನದು. ಹಿಂದಿನ ಓಣಿಯಲ್ಲಿ ಸಿತಾರ ಮಾಡುವವರ ಅಂಗಡಿ. ನಾನು ಗಂಭೀರವಾಗಿ "ಸ್ವಾತಂತ್ರ್ಯ ಎಂದರೆ" ಎಂದು ಶುರು ಮಾಡಿದರೆ ಸಾಕು, ಅಲ್ಲಿಂದ ಟೊಂಯ್ ಎನ್ನುತ್ತದೆ. ಮಕ್ಕಳು ಕಿಸಕ್ಕೆನ್ನುತ್ತಾರೆ. ಹೀಗಾಗಿ ನನ್ನ ವಿದ್ಯಾರ್ಥಿಗಳಲ್ಲಿ ಯಾರೂ ಇಷ್ಟು ವರ್ಷಗಳಲ್ಲಿ ಸ್ವಾತಂತ್ರ್ಯದ ವ್ಯಾಖ್ಯೆಯನ್ನು ಪೂರ್ತಿ ಕೇಳಿಲ್ಲ.

ಈ ವರ್ಷ ನಮ್ಮ ಹೆಡ್‌ಮಾಸ್ತರರಿಗೆ ಹೊಸ ಹುರುಪು. ಪ್ರತಿ ಶನಿವಾರ ಕೊನೆಯ ತಾಸು 'ನಾಳಿನ ನಾಯಕರು' ಎಂಬ ಪಾಠ. ಮಕ್ಕಳಿಗೆ ನಾಗರಿಕ ಗುಣ, ಸ್ವಾತಂತ್ರ್ಯ, ನಾಯಕತ್ವ ಎಲ್ಲ ಕಲಿಸಬೇಕು, ಕಲಿಸುತ್ತಿರುವ ಫೋಟೋ ಸಂಜೆಯೊಳಗೆ ವಾಟ್ಸಾಪಿಗೆ ಬರಬೇಕು. ಆ ಹೊಣೆ ನನ್ನ ತಲೆಗೆ ಬಂತು.

ಮೊದಲ ಶನಿವಾರ ನಾನು ಕೇಳಿದೆ, ಸ್ವಾತಂತ್ರ್ಯ ಅಂದರೆ ಏನು ಅಂತ ನಿಮ್ಮ ಮಾತಿನಲ್ಲಿ ಹೇಳಿ. ಕುಪವಾಡದಿಂದ ಬರುವ ಮಲ್ಲು ಎದ್ದು ನಿಂತ. ಅವರಪ್ಪ ಅಲ್ಲಿನ ಕಾರಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ. ಮಗ ಮಾತಿಗೆ ಹಿಂದೆಮುಂದೆ ನೋಡುವವನಲ್ಲ.

"ಬಾಯಾರ, ಸ್ವಾತಂತ್ರ್ಯ ಅಂದ್ರ ಸಮೃದ್ಧಿ ಸುಟ್ಟಿ ಹಾಕಿದ ದಿನರೀ."

ತರಗತಿ ಗೊಳ್ಳೆಂದಿತು, ಮರುಕ್ಷಣ ಗಪ್ಪಾಯಿತು. ಯಾಕೆಂದರೆ ಅಂದು ಸಮೃದ್ಧಿ ರಜೆ ಹಾಕಿರಲಿಲ್ಲ. ಮೊದಲನೇ ಬೆಂಚಿನಿಂದ ಎದ್ದು, ಸೀಮೆಸುಣ್ಣ ಹಿಡಿದು, ಮಲ್ಲುವಿನ ಹೆಸರನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಕೂತಳು.

ಸಮೃದ್ಧಿ ನಮ್ಮ ಮಾನಿಟರ್. ಮಿರಜದ ಪೇಟೆಯ ಅರಿಸಿನ ವ್ಯಾಪಾರಿಯ ಮೊಮ್ಮಗಳು. ಹೆಸರಿಗೆ ತಕ್ಕಂತೆ ಅವಳಲ್ಲಿ ಎಲ್ಲವೂ ಹೇರಳ, ದನಿಯಿಂದ ಹಿಡಿದು. ಅವಳ ರಾಜ್ಯದಲ್ಲಿ ನೀರು ಕುಡಿಯಲು ಸಾಲು, ನಗಲು ಅಪ್ಪಣೆ, ಪೇರಲಹಣ್ಣು ತಂದವರಿಂದ ಒಂದು ಹೋಳು ಸರಕಾರಕ್ಕೆ. ಕನ್ನಡ ಶಾಲೆಯಲ್ಲಿ ಮರಾಠಿ ಮಾತಾಡಿದರೆ ಬೋರ್ಡಿನ ಮೇಲೆ ಹೆಸರು. ಮೈದಾನದಲ್ಲಿ ನಿಂತು ಅವಳು "ಮರಾಠೀತ ಬೋಲಾಯಚ ನಾಹೀ!" ಎಂದು, ಮರಾಠಿ ಮಾತಾಡಬಾರದೆಂಬುದನ್ನು ಮರಾಠಿಯಲ್ಲೇ ಗುಡುಗುವುದನ್ನು ನೀವು ಕೇಳಬೇಕು. ತಡವಾಗಿ ಬಂದವರಿಗೆ ಮೊದಲ ತಾಸು ಮುಗಿಯುವವರೆಗೆ ನಿಲ್ಲುವ ಶಿಕ್ಷೆ. ಇದರಲ್ಲಿ ದಿನವೂ ಸಿಕ್ಕಿಬೀಳುವವಳು ಆರಗ ಎಂಬ ಹಳ್ಳಿಯ ರೇಣುಕಾ. ಆರಗದ ಬಸ್ಸು ಬಂದಾಗ ಬರುತ್ತದೆ, ರೇಣುಕಾ ಬಸ್ಸು ಬಂದಾಗ ಬರುತ್ತಾಳೆ, ಬಂದು ಬಾಯಿ ಬಿಡದೆ ನಿಲ್ಲುತ್ತಾಳೆ. ಆ ಹುಡುಗಿಯ ದನಿ ಹೇಗಿದೆಯೆಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ.

ಹಾಗೆಂದು ಸಮೃದ್ಧಿ ಕೆಟ್ಟವಳಲ್ಲ. ಯಾರಿಗಾದರೂ ಹೊಟ್ಟೆನೋವು ಬಂದರೆ ಮೊದಲು ಓಡುವವಳು ಅವಳೇ. ಮಾನಿಟರ್‌ಗಿರಿ ಎಂದರೆ ಅವಳಿಗೆ ಪ್ರಾಣ. ಎದೆಯ ಮೇಲಿನ ಮಾನಿಟರ್ ಬಿಲ್ಲೆಯನ್ನು ಮನೆಯಲ್ಲಿ ನೈಟ್‌ಡ್ರೆಸ್ಸಿಗೂ ಚುಚ್ಚಿಕೊಳ್ಳುತ್ತಾಳೆಂದು ಅವರಮ್ಮ ಹೇಳಿದ್ದಳು. ಕೈ ಎತ್ತಿಸಿ ಚುನಾವಣೆ ಮಾಡಿದಾಗಲೆಲ್ಲ ಅವಳೇ ಅವಿರೋಧ. ಅವಳು ಹಿಂದೆ ತಿರುಗಿ ಒಮ್ಮೆ ನೋಡಿದರೆ ಗೋಡೆಗೆ ಒರಗಿಸಿಟ್ಟ ಕೊಡೆಗಳೂ ಕೈ ಎತ್ತಬೇಕು.

ಮಲ್ಲುವಿನ ವ್ಯಾಖ್ಯೆ ಕೇಳಿದ ಮೇಲೆ ನನ್ನೊಳಗಿನ ಅರಿಸಿನ ಪೇಟೆ ಎದ್ದು ಕೂತಿತು. ಮುಂದಿನ ಶನಿವಾರ ಹೊಸ ರೀತಿಯ ಚುನಾವಣೆ ಎಂದು ಸಾರಿಬಿಟ್ಟೆ. ಎದುರು ನಿಲ್ಲುವ ಧೀರರು ಯಾರೂ ಇಲ್ಲದ್ದರಿಂದ ಪ್ರಶ್ನೆ ಒಂದೇ: ಸಮೃದ್ಧಿಯೇ ಮುಂದುವರಿಯಬೇಕೇ, ಇಲ್ಲವೇ ವಾರಕ್ಕೊಬ್ಬರು ಪಾಳಿಯಲ್ಲಿ ಮಾನಿಟರ್ ಆಗಬೇಕೇ? ಸಮೃದ್ಧಿ ಬೇಕೆಂದರೆ ಒಂದು ಬೆರಳು, ಪಾಳಿ ಬೇಕೆಂದರೆ ಎರಡು.

ಆ ಶನಿವಾರ ಅಪ್ಪನ ಹಳೆಯ ಟವೆಲ್ಲನ್ನೇ ತಂದಿದ್ದೆ. ಎಷ್ಟು ಒಗೆದರೂ ಅದರ ಅಂಚಿನ ಹಳದಿ ಹೋಗಿಲ್ಲ. ಹೆಡ್‌ಮಾಸ್ತರರು ಮೊಬೈಲು ಸಜ್ಜುಮಾಡಿಕೊಂಡು ಬಂದು ನಿಂತರು.

"ಬಾಯಾರ, ಕೈ ಎತ್ತಿಸರಿ. ಕೈ ಎತ್ತಿದ್ರ ಫೋಟೋ ಚಲೋ ಬರತೈತಿ. ಟವೆಲ್ ಕೆಳಗ ಏನ ಕಾಣತೈತಿ?"

"ಕಾಣಬಾರದು ಅಂತನ ಸರ್ ಟವೆಲ್," ಎಂದೆ. "ಇನ್ನೊಂದು, ಇದರಾಗ ನಾವು ಶಿಕ್ಷಕರು ಯಾರೂ ಕೈ ಹಾಕಂಗಿಲ್ಲ. ಮಕ್ಕಳ ಚುನಾವಣೆ ಮಕ್ಕಳೇ ನಡಸಬೇಕು." ಇದನ್ನು ಹೇಳಿ ನನ್ನ ಬಗ್ಗೆ ನನಗೇ ಬಹಳ ಮೆಚ್ಚುಗೆಯಾಯಿತು.

ಆಮೇಲೆ ಉತ್ಸಾಹ ತಡೆಯದೆ ಮಕ್ಕಳಿಗೆ ಅರಿಸಿನ ಪೇಟೆಯ ಪದ್ಧತಿಯನ್ನು ವರ್ಣಿಸಿದೆ. ದಲಾಲ ಲೆಕ್ಕವನ್ನು ಬಾಯಿ ಬಿಡುವುದಿಲ್ಲ, ಯಾರು ಗೆದ್ದರೆಂದು ಮಾತ್ರ ಹೇಳುತ್ತಾನೆ ಎಂದೆ. ಅಪ್ಪ, ಅಜ್ಜಿ, ಹೋಳಿಗೆ ಎಲ್ಲ ಹೇಳಿದೆ. ಮಕ್ಕಳು ಬಾಯಿ ತೆರೆದು ಕೇಳಿದವು. ಮಲ್ಲು ಕೇಳಿದ, "ಬಾಯಾರ, ಟವೆಲ್ ಯಾರ ಹಿಡೀತಾರರೀ?"

ನಾನು ಒಂದು ಕ್ಷಣವೂ ಯೋಚಿಸದೆ, ಚಿಕ್ಕಂದಿನಿಂದ ಕೇಳಿ ಕೇಳಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಮಾಲು ಯಾರದೋ, ಟವೆಲ್ ಅವರ ಕಡೆಯವರ ಕೈಯಾಗ."

ಸಮೃದ್ಧಿ ಎದ್ದು ನಿಂತಳು. "ಹಂಗಾದ್ರ ನನ್ನ ಕೈಯಾಗ. ನಮ್ಮ ಅಜ್ಜಾನೂ ಹಂಗ ಹೇಳತಾರ. ಇಲ್ಲಿ ಮಾಲು ನಾನ ಅಲ್ಲೇನರಿ?" ಎನ್ನುತ್ತ ಬಂದು ಟವೆಲ್ಲನ್ನು ಅಚ್ಚುಕಟ್ಟಾಗಿ ಕೈಮೇಲೆ ಹೊದ್ದುಕೊಂಡು, ಪೇಟೆಯಲ್ಲಿ ಹುಟ್ಟಿ ಬೆಳೆದ ದಲಾಲನ ಹಾಗೆ ಬಾಗಿಲ ಬಳಿ ನಿಂತೇಬಿಟ್ಟಳು. ಮಕ್ಕಳೂ ನಿಯಮ ಅಂದರೆ ನಿಯಮ ಎಂದು ಸಾಲು ಕಟ್ಟಿದವು.

ಆಗ ನನ್ನ ತಲೆಗೆ ಹೊಳೆಯಿತು. ಅರಿಸಿನಕ್ಕೆ ಸರಿಹೋಗುವ ನಿಯಮ ಅಧಿಕಾರಕ್ಕೂ ಸರಿಹೋಗುತ್ತದೆಯೇ? ಚುನಾವಣೆಗೆ ನಿಂತವಳ ಕೈಯಲ್ಲೇ ಮತದ ಪೆಟ್ಟಿಗೆ ಕೊಟ್ಟು, ನೀನೇ ಎಣಿಸು ತಾಯಿ, ಲೆಕ್ಕ ಯಾರಿಗೂ ಹೇಳಬೇಡ ಎಂದಿದ್ದೆ! ನಾಗರಿಕ ಶಾಸ್ತ್ರದ ಇತಿಹಾಸದಲ್ಲಿ ಇಂಥ ಎಡವಟ್ಟು ಅರಿಸಿನ ದಲಾಲನ ಮಗಳಿಂದಲ್ಲದೆ ಇನ್ನಾರಿಂದಲೂ ಆಗಲು ಸಾಧ್ಯವಿಲ್ಲ. ಹೆಡ್‌ಮಾಸ್ತರರು ನನ್ನ ಕಿವಿಯ ಹತ್ತಿರ ಬಂದರು.

"ಬಾಯಾರ, ಇದೇನು ನಡಸೀರಿ? ಆಕಿ ಸುಳ್ಳ ಹೇಳಿದ್ರ ಯಾರಿಗೆ ಗೊತ್ತಾಗತೈತಿ?"

"ಯಾರಿಗೂ ಗೊತ್ತಾಗಂಗಿಲ್ಲರಿ," ಎಂದೆ.

"ನಿಲ್ಲಸರಿ ಮತ್ತ!"

"ಹೆಂಗ ನಿಲ್ಲಸಲಿ ಸರ್? ಕೈ ಹಾಕಂಗಿಲ್ಲ ಅಂತ ಈಗ ನಾನ ಹೇಳೇನಿ."

ಸಾಲು ಸಾಗಿತು. ಮೇಲೆ ಸಮೃದ್ಧಿ ತನ್ನ ಅಜ್ಜನಿಂದ ಕಲಿತ ಮಾತು ಆಡುತ್ತಿದ್ದಳು. "ಏನೋ ಮಲ್ಲು, ಜಡ್ಡು ಕಡಿಮೆ ಆತ?" ಮಲ್ಲುವಿಗೆ ಯಾವ ಜಡ್ಡೂ ಇರಲಿಲ್ಲ, ಆದರೂ ಆತು ಎಂದು ತಲೆಯಾಡಿಸಿ ಕೈ ಹಾಕಿದ. ಕಚಗುಳಿಯಾಗಿ ನಗುವವರು, ಕಣ್ಣು ಮುಚ್ಚಿ ದೇವರಿಗೆ ಕೈ ಮುಗಿದು ಆಮೇಲೆ ಕೈ ಹಾಕುವವರು, ಒತ್ತಿದ್ದು ಸರಿಯಾಯಿತೋ ಇಲ್ಲವೋ ಎಂದು ಮತ್ತೆ ಸಾಲಿನ ಕೊನೆಗೆ ಹೋಗಿ ಬೈಸಿಕೊಂಡವರು. ರೇಣುಕಾ ಬಂದಳು, ಕೈ ಹಾಕಿದಳು, ಹೋದಳು. ಸಮೃದ್ಧಿಯ ಮುಖದ ಮೇಲೆ ಏನಾದರೂ ಕಾಣುತ್ತದೆಯೇ ಎಂದು ನಾನು ಕಣ್ಣು ಪಿಳುಕಿಸದೆ ನೋಡಿದೆ. ಏನೂ ಕಾಣಲಿಲ್ಲ. ಎಲ್ಲರೂ ಮುಗಿದ ಮೇಲೆ ಅವಳು ತನ್ನ ಇನ್ನೊಂದು ಕೈಯನ್ನೂ ಒಳಗೆ ಹಾಕಿ ತನಗೆ ತಾನೇ ಒತ್ತಿಕೊಂಡಳು. ಮತದಾನ ಮುಗಿಯಿತು.

ಟವೆಲ್ ಇನ್ನೂ ಅವಳ ಕೈಮೇಲಿತ್ತು. ಒಂದು ಸುಳ್ಳು ಹೇಳಿದರೆ ಬಿಲ್ಲೆ ಅವಳದ್ದೇ, ವರ್ಷದ ಕೊನೆಯವರೆಗೂ. ಯಾರೂ ಹಿಡಿಯಲಾರರು. ಹಿಂದಿನ ಓಣಿಯ ಸಿತಾರ ಕೂಡ ಸುಮ್ಮನಾಗಿತ್ತು. ನಾಯಕತ್ವದ ಬಗ್ಗೆ ನಾನು ಬೋರ್ಡಿನ ಮೇಲೆ ಬರೆಸಿದ್ದೆಲ್ಲ ಆಗ ಏನೇನೂ ಕೆಲಸಕ್ಕೆ ಬರುವಂತಿರಲಿಲ್ಲ. ಹನ್ನೆರಡು ವರ್ಷದ ಹುಡುಗಿ, ಅವಳ ಎದೆಯ ಮೇಲಿನ ಬಿಲ್ಲೆ, ಅವಳಿಗೊಬ್ಬಳಿಗೇ ಗೊತ್ತಿರುವ ನಿಜ. ಅಷ್ಟೇ ಉಳಿದದ್ದು.

ಸಮೃದ್ಧಿ ಟವೆಲ್ ಕೊಡವಿದಳು. ನಮ್ಮಪ್ಪ ಕೊಡವುತ್ತಿದ್ದ ಹಾಗೆಯೇ.

"ಎರಡು ಬೆರಳ ಗೆದ್ದಾವ," ಎಂದಳು.

ಅರ್ಥವಾಗಲು ಮಕ್ಕಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನೋಡಿ ಆ ಗದ್ದಲ! ಬೆಂಚು ಬಡಿದರು, ಕುಣಿದರು, ಮಲ್ಲು ಹೆಡ್‌ಮಾಸ್ತರರನ್ನೇ ತಬ್ಬಿಕೊಂಡ, ಅವರು ಗಡಿಬಿಡಿಯಲ್ಲಿ ಅದರ ಫೋಟೋ ತಾವೇ ತೆಗೆದುಕೊಂಡರು. ಎಷ್ಟಕ್ಕೆ ಗೆದ್ದವು ಎಂದು ಎಲ್ಲರೂ ಕೇಳುವವರೇ. "ಗೆದ್ದಾವಂದ್ರ ಗೆದ್ದಾವ! ಗಪ್ ಬಸಾ!" ಎಂದು ಗುಡುಗಿದ ಸಮೃದ್ಧಿ ಸೀಮೆಸುಣ್ಣ ತೆಗೆದುಕೊಂಡು ಗದ್ದಲ ಮಾಡುತ್ತಿದ್ದವರ ಹೆಸರು ಬರೆಯತೊಡಗಿದಳು. ಇಡೀ ತರಗತಿಯ ಹೆಸರು ಬರೆದಳು. ಕೊನೆಯಲ್ಲಿ ನನ್ನದೂ ಇತ್ತು, ಯಾಕೆಂದರೆ ನಾನೂ ಮೇಜು ಬಡಿಯುತ್ತಿದ್ದೆ. ಆಮೇಲೆ ಎಲ್ಲವನ್ನೂ ಒರೆಸಿ, ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟು, ಮೊದಲನೇ ಬೆಂಚಿಗೆ ಹೋಗಿ ಕೂತಳು. ಕೂತ ಮೇಲೆ ಒಂದು ಸಲ ಮೂಗು ಒರೆಸಿಕೊಂಡಳು. ನಾನು ಎದ್ದುಹೋಗಿ ಅವಳನ್ನು ಎತ್ತಿಕೊಳ್ಳಬೇಕೆನ್ನಿಸಿತು, ಆದರೆ ಅವಳಿಗೆ ಅದು ಸೇರುತ್ತಿರಲಿಲ್ಲ.

ಪಾಳಿಗೆ ಚೀಟಿ ಎತ್ತಿದಾಗ ಮೊದಲ ಹೆಸರು ರೇಣುಕಾಳದ್ದು ಬಂತು. ಸೋಮವಾರ ಆರಗದ ಬಸ್ಸು ಎಂದಿನಂತೆ ತಡ. ಗಂಟೆ ಹೊಡೆಯಿತು, ಮಾನಿಟರ್ ಇಲ್ಲ. ತರಗತಿ ಸಂತೆಯಾಯಿತು. ಸಮೃದ್ಧಿ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಹಾಕಿ, ಅವುಗಳ ಮೇಲೆ ಕೂತು, ತುಟಿ ಕಚ್ಚಿಕೊಂಡಿದ್ದಳು. ಒಂದು ಸಲವೂ ಏಳಲಿಲ್ಲ. ಅವಳ ಮುಖ ಕೆಂಪಾಗಿ, ಯಾವ ಕ್ಷಣದಲ್ಲಾದರೂ ಸ್ಫೋಟವಾಗಬಹುದೆಂದು ನಾನು ಕಿಟಕಿಯ ಕಡೆ ಸರಿದು ನಿಂತೆ. ರೇಣುಕಾ ಏದುಸಿರು ಬಿಡುತ್ತ ಬಂದಳು, ಬಿಲ್ಲೆ ಚುಚ್ಚಿಕೊಂಡಳು, ಸೀಮೆಸುಣ್ಣ ತೆಗೆದುಕೊಂಡು ತಡವಾಗಿ ಬಂದವರ ಜಾಗದಲ್ಲಿ ತನ್ನದೇ ಹೆಸರು ಬರೆದು, ಶಿಕ್ಷೆಯಂತೆ ನಿಂತಳು. ತರಗತಿ ತಣ್ಣಗಾಯಿತು.

"ಬಾಯಾರ," ಸಮೃದ್ಧಿ ಕೊನೆಗೂ ಬಾಯಿ ಬಿಟ್ಟಳು. "ಖರೇ ಅಂದ್ರ ಅಲ್ಲಿ ಡ್ರೈವರ್ ಕಾಕಾರ ಹೆಸರ ಬರೀಬೇಕ್ರಿ. ರೇಣಿ ಯಾಕ ನಿಂದರಬೇಕು?"

"ಹಂಗಾದ್ರ ಇಷ್ಟ ದಿವಸ ನಾ ಯಾಕ ನಿಂತೆ?" ಎಂದಳು ರೇಣುಕಾ. ಎಷ್ಟು ದೊಡ್ಡ ದನಿ ಅಂತೀರಿ ಆ ಹುಡುಗಿಯದು! ಸಮೃದ್ಧಿ ತಲೆ ಕೆರೆದುಕೊಂಡಳು. ಆ ಶಿಕ್ಷೆಯನ್ನು ಅವತ್ತೇ ಇಬ್ಬರೂ ಸೇರಿ ತೆಗೆದುಹಾಕಿದರು.

ವಾರವಿಡೀ ನಾನು ಪತ್ತೇದಾರಿ ಮಾಡಿದೆ. ಎರಡು ಬೆರಳು ಒತ್ತಿದವರೆಲ್ಲ ಸಮೃದ್ಧಿಗೆ ಗೊತ್ತು. ಯಾರ ಜತೆ ಟೂ ಬಿಡುತ್ತಾಳೆ, ಯಾರಿಗೆ ಡಬ್ಬಿಯಲ್ಲಿ ಪಾಲು ಕೊಡುವುದಿಲ್ಲ, ನೋಡೋಣ ಎಂದುಕೊಂಡೆ. ಆ ಪುಣ್ಯಾತ್ಗಿತ್ತಿ ಎಲ್ಲರನ್ನೂ ಒಂದೇ ಸಮ ಬೈದಳು, ಎಲ್ಲರಿಗೂ ಒಂದೇ ಸಮ ಹಂಚಿದಳು. ಕೊನೆಗೆ ನಮ್ಮಜ್ಜಿಯ ಮೊಮ್ಮಗಳು ನಾನು, ಸಾಂಗಲಿಯ ಖಾರದ ಚುರುಮುರಿ, ಭಡಂಗದ ಒಂದು ಪೊಟ್ಟಣ ತಂದು ಅವಳ ಮುಂದಿಟ್ಟೆ. "ರೇಣುಕಾ ಎಷ್ಟು ಒತ್ತಿದಳು, ಅಷ್ಟರೆ ಹೇಳ." ಸಮೃದ್ಧಿ ಭಡಂಗ ಪೂರ್ತಿ ತಿಂದಳು, ಪೊಟ್ಟಣ ಮಡಚಿ ಕಸದ ಬುಟ್ಟಿಗೆ ಹಾಕಿದಳು. "ಬಾಯಾರ, ನಿಮ್ಮ ಅಪ್ಪಾರು ಹೋಳಿಗಿ ತಿಂದು ಹೇಳಿದ್ರೇನ್ರಿ?" ಎಂದು ಕೇಳಿ ಹೊರಟುಹೋದಳು.

ಮೊನ್ನೆ ಬಸ್ಸಿನಲ್ಲಿ ಸಿಕ್ಕಳು. ವಿಶ್ರಾಮಬಾಗದಲ್ಲಿ ಅವಳಿಗೆ ಟ್ಯೂಷನ್. ನನ್ನ ಪಕ್ಕದಲ್ಲೇ ಕೂತಳು. ತೊಡೆಯ ಮೇಲೆ ಎಂದಿನಂತೆ ನನ್ನ ಟವೆಲ್ ಇತ್ತು. ಅವಳು ಅದರೊಳಗೆ ಕೈ ತೂರಿಸಿ ನನ್ನ ಕೈ ಹಿಡಿದಳು. ಕೈ ತಣ್ಣಗಿತ್ತು.

"ಬಾಯಾರ, ಅವತ್ತ ನಿಮಗ ಓಟ್ ಇರಲಿಲ್ಲ. ಇದ್ದಿದ್ರ ಎಷ್ಟ ಒತ್ತತಿದ್ರಿ?"

ನಾನು ಅವಳ ಮುಖ ನೋಡಿದೆ. ಅವಳು ಕಿಟಕಿಯಾಚೆ ನೋಡುತ್ತ, "ನಿಮ್ಮ ಮೊಣಕಾಲ ನೋವು ಹೆಂಗೈತ್ರಿ?" ಎಂದಳು. ಒಳಗೆ ಬೆರಳುಗಳು ಕಾಯುತ್ತಿದ್ದವು. ನನ್ನ ಉಪ್ಪಿಟ್ಟಿಗೆ ಒಬ್ಬರೂ ದಿಕ್ಕಿಲ್ಲೇನು ಎಂದ ಅಜ್ಜಿ ನೆನಪಾದಳು. ಬಾಯಿಂದ ಕೇಳಿದ್ದರೆ ಆ ಮಗುವಿಗೆ ಹಿತವಾಗುವ ಮಾತೊಂದನ್ನು ಹೇಳಿ ಪಾರಾಗಬಹುದಿತ್ತು. ಟವೆಲ್ಲಿನೊಳಗೆ ಹಾಗೆ ಮಾಡಲು ಬರುವುದಿಲ್ಲ. ನಿಜವನ್ನೇ ಒತ್ತಿದೆ.

"ಆತ್ರಿ," ಎಂದಳು, ಅಷ್ಟೇ. ಮುಖದ ಒಂದು ಗೆರೆಯೂ ಅಲುಗಲಿಲ್ಲ. ಸ್ಟಾಪು ಬಂತು. ಬಾಗಿಲಲ್ಲಿ ನೂಕಾಡುತ್ತಿದ್ದ ದೊಡ್ಡ ದೊಡ್ಡ ಗಂಡಸರಿಗೆ "ಲೈನ್‌ಶೀರ ಇಳೀರಿ!" ಎಂದು ಗದರಿಸಿ, ಎಲ್ಲರೂ ಸಾಲಾಗಿ ಇಳಿದ ಮೇಲೆ ಕೊನೆಯಲ್ಲಿ ತಾನು ಇಳಿದಳು.

ನಾನು ಎಷ್ಟು ಬೆರಳು ಒತ್ತಿದೆನೆಂದು ಕೇಳುತ್ತೀರಿ, ಗೊತ್ತು. ನೀವು ಭಡಂಗ ತಂದುಕೊಟ್ಟರೆ ಖಂಡಿತ ತಿನ್ನುತ್ತೇನೆ, ಆದರೆ ಅದನ್ನು ಮಾತ್ರ ಹೇಳುವುದಿಲ್ಲ.